ದೇವರು ‘ಬೇಡ’ ಅಂದ ಆರಾಧನೆಗಳು

ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಆರಾಧನೆಯ ಬಗ್ಗೆ ಜಾಸ್ತಿ ಮಾತು ಏಳುವುದು ಮದುವೆ ಮಾತುಕತೆಯ ಹೊತ್ತಿನಲ್ಲಿ. ಹುಡುಗಿ ಕಡೆಯವರು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಪಂಗಡ), ಹುಡುಗನ ಕಡೆಯವರು ಪೆಂಟೆಕೋಸ್ಟಲ್. ಇಲ್ಲವೇ ಒಬ್ಬರು ಕ್ಯಾಥೊಲಿಕ್, ಇನ್ನೊಬ್ಬರು ಬ್ರದರನ್. "ನಿಮ್ಮಲ್ಲಿ ಆರಾಧನೆ ಹೇಗೆ ನಡೆಯುತ್ತೆ?" ಎಂದು ಯಾರೋ ಒಬ್ಬರು ಕೇಳುತ್ತಾರೆ. ಆಮೇಲೆ ಮಾತು ಬಿಸಿಯಾಗುತ್ತದೆ. "ನೀವು ಬರೆದಿಟ್ಟ ಪ್ರಾರ್ಥನೆ ಓದ್ತೀರಿ, ಅದರಲ್ಲಿ ಜೀವ ಎಲ್ಲಿದೆ?" "ನೀವು ಅಷ್ಟು ಜೋರಾಗಿ ಕೂಗ್ತೀರಲ್ಲ, ದೇವರಿಗೆ ಕಿವಿ ಕೇಳಲ್ವಾ?" "ಮರಿಯ ಮಾತೆಯ ಮುಂದೆ ಮೇಣದಬತ್ತಿ ಹಚ್ಚುವುದು ಬೈಬಲಲ್ಲಿ ಎಲ್ಲಿದೆ ತೋರಿಸಿ."

ಭಾನುವಾರ ಬೆಳಿಗ್ಗೆ ಊರು ಸುತ್ತಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್‌ನಲ್ಲಿ ಕನ್ನಡ ಹಾಡು, ಸಾಲು ಬೆಂಚು, ಪ್ರಾರ್ಥನೆಗೆ ಒಂದು ಕ್ರಮ. ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಬಲಿಪೂಜೆ (ಮಾಸ್), ಸೀರೆ ಉಟ್ಟ ಮಾತೆಯ ಮುಂದೆ ಕೈಮುಗಿದು ನಿಂತ ಜನ. ಪೆಂಟೆಕೋಸ್ಟಲ್ ಹಾಲ್‌ಗಳಲ್ಲಿ ಕೀಬೋರ್ಡ್, ಡ್ರಮ್ಸ್, ಕೈ ಎತ್ತಿ ಸ್ತುತಿ. ಬ್ರದರನ್ ಸಭೆಯಲ್ಲಿ ಪಾಸ್ಟರೇ ಇರುವುದಿಲ್ಲ. ಒಂದು ಮೇಜು, ಅದರ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸ, ಸುತ್ತ ಕೂತ ಜನ. ಇಷ್ಟೂ ಮಂದಿ ಓದುವುದು ಹೆಚ್ಚೂಕಡಿಮೆ ಒಂದೇ ಬೈಬಲ್. ಹಾಗಾದರೆ ದೇವರು ಒಪ್ಪುವ ಆರಾಧನೆ ಯಾವುದು?

ನಾನು ಬೆಳೆದದ್ದು ಕನ್ನಡ ಸಿಎಸ್‌ಐ ಸಭೆಯಲ್ಲಿ. ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಸಹಾಯವಾದ ದಾರಿಯೊಂದಿದೆ. ಬೈಬಲಿನಲ್ಲಿ ದೇವರು ಆರಾಧನೆಯನ್ನು ತಳ್ಳಿಹಾಕಿದ ಕಡೆಗಳನ್ನು ಒಂದೊಂದಾಗಿ ಓದಬೇಕು. ಯಾಕೆ ಬೇಡವೆಂದರು ಎಂದು ಕೇಳಬೇಕು. ಹಾಗೆ ಓದಿದಾಗ, ನಾವು ಜಗಳವಾಡುವ ವಿಷಯಗಳು ಅಲ್ಲಿ ಎಷ್ಟು ಕಡಿಮೆ ಎನ್ನುವುದು ಕಾಣುತ್ತದೆ. ನಾವು ಸುಮ್ಮನೆ ದಾಟಿಹೋಗುವ ವಿಷಯಗಳೇ ಅಲ್ಲಿ ತುಂಬಿವೆ.

ಯಾರಿಗೆ, ಹೇಗೆ

ಮೊದಲ ಕಥೆ ಆದಿಕಾಂಡ 4ನೇ ಅಧ್ಯಾಯದಲ್ಲೇ ಬರುತ್ತದೆ. ಕಾಯಿನ ಹೊಲದ ಬೆಳೆಯನ್ನು ತರುತ್ತಾನೆ. ಹೇಬೆಲ ಮಂದೆಯ ಚೊಚ್ಚಲ ಮರಿಗಳನ್ನು ತರುತ್ತಾನೆ. ದೇವರು ಹೇಬೆಲನನ್ನೂ ಅವನ ಕಾಣಿಕೆಯನ್ನೂ ಮೆಚ್ಚುತ್ತಾರೆ. ಕಾಯಿನನನ್ನೂ ಅವನ ಕಾಣಿಕೆಯನ್ನೂ ಮೆಚ್ಚುವುದಿಲ್ಲ. ಕಾರಣವನ್ನು ಆದಿಕಾಂಡ ಬಿಡಿಸಿ ಹೇಳುವುದಿಲ್ಲ. ಆದರೆ ಮನುಷ್ಯನ ಹೆಸರು ಮೊದಲು, ಕಾಣಿಕೆ ಆಮೇಲೆ. ಇಬ್ರಿಯರಿಗೆ ಬರೆದ ಪತ್ರಿಕೆ ಹೇಬೆಲನ ನಂಬಿಕೆಯನ್ನು ಎತ್ತಿ ಹೇಳುತ್ತದೆ. ಯೋಹಾನನ ಮೊದಲ ಪತ್ರಿಕೆ ಕಾಯಿನನ ಕೆಟ್ಟ ನಡತೆಯನ್ನು ಹೇಳುತ್ತದೆ. ತಂದದ್ದು ಕುರಿಯೋ ಕಾಳೋ ಎನ್ನುವುದನ್ನು ಎರಡೂ ಪತ್ರಿಕೆಗಳು ದೊಡ್ಡದು ಮಾಡುವುದಿಲ್ಲ.

ಎರಡನೆಯದು ಬಂಗಾರದ ಕರುವಿನ ಕಥೆ, ವಿಮೋಚನಕಾಂಡ 32. ಇದನ್ನು ನಾವು ಸಾಮಾನ್ಯವಾಗಿ ‘ಜನ ಬೇರೆ ದೇವರ ಹಿಂದೆ ಹೋದರು’ ಎಂದು ಓದುತ್ತೇವೆ. ಆದರೆ ಐದನೇ ವಚನ ನೋಡಿ. ಕರುವನ್ನು ಮಾಡಿದ ಆರೋನನು "ನಾಳೆ ಯೆಹೋವನಿಗೆ ಹಬ್ಬ" ಎಂದು ಸಾರುತ್ತಾನೆ. ಬಾಯಲ್ಲಿದ್ದದ್ದು ಸರಿಯಾದ ದೇವರ ಹೆಸರೇ. ಆ ದೇವರನ್ನು ತಮ್ಮ ಕೈಗೆ ಸಿಗುವ ಹಾಗೆ, ತಮಗೆ ಬೇಕಾದ ರೂಪಕ್ಕೆ ಇಳಿಸಿಕೊಂಡದ್ದು ತಪ್ಪಾಯಿತು. ಯಾಜಕಕಾಂಡ 10ರಲ್ಲಿ ಆರೋನನ ಮಕ್ಕಳಾದ ನಾದಾಬ ಮತ್ತು ಅಬೀಹೂ ದೇವರು ಹೇಳದೇ ಇದ್ದ ಬೆಂಕಿಯನ್ನು ಧೂಪಾರತಿಯಲ್ಲಿ ತಂದು ಸತ್ತುಹೋಗುತ್ತಾರೆ. ಓದಲು ಕಷ್ಟವಾಗುವ ಕಥೆ ಅದು. ದೇವರ ಹತ್ತಿರ ಹೋಗುವುದು ಆಟವಲ್ಲ ಎಂದು ಇಸ್ರಾಯೇಲ್ಯರಿಗೆ ಗೊತ್ತಾದದ್ದು ಆ ದಿನ.

ಇನ್ನೊಂದು ಕಥೆಯನ್ನು ಪ್ರಸಂಗಗಳಲ್ಲಿ ಅಪರೂಪಕ್ಕೆ ಕೇಳುತ್ತೇವೆ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲಿ ಎಂದು ಮೋಶೆ ತಾಮ್ರದ ಸರ್ಪವೊಂದನ್ನು ಮಾಡಿ ಕಂಬಕ್ಕೆ ಏರಿಸಿದ್ದ. ಮಾಡಲು ಹೇಳಿದವರು ಸ್ವತಃ ದೇವರೇ. ನೂರಾರು ವರ್ಷ ಆದ ಮೇಲೆ ಜನ ಅದೇ ಸರ್ಪಕ್ಕೆ ಧೂಪ ಹಾಕಲು ಶುರುಮಾಡಿದರು. ಅರಸ ಹಿಜ್ಕೀಯ ಅದನ್ನು ಒಡೆದುಹಾಕಿಸಿದ. 2 ಅರಸುಗಳು 18ರಲ್ಲಿ ಇದು ಬರುತ್ತದೆ. ದೇವರೇ ಕೊಟ್ಟ ಒಳ್ಳೆಯ ವಸ್ತು ಕೂಡ ದೇವರ ಜಾಗದಲ್ಲಿ ಕೂತುಬಿಡಬಹುದು. ಇದು ವಿಗ್ರಹಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ನಮ್ಮ ಹಳೆ ಕಟ್ಟಡ, ನಮ್ಮ ಕ್ವಾಯರ್, ನಮ್ಮ ಮೆಚ್ಚಿನ ಪಾಸ್ಟರ್, ಎಲ್ಲಕ್ಕೂ ಅನ್ವಯಿಸುತ್ತದೆ.

ಮಾತೆಯ ಮುಂದಿನ ಮೇಣದಬತ್ತಿಯ ಪ್ರಶ್ನೆ ಇಲ್ಲೇ ಬರುತ್ತದೆ. ಇದರಲ್ಲಿ ಎರಡೂ ಕಡೆಯ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಕ್ಯಾಥೊಲಿಕ್ ಬೋಧನೆಯ ಪ್ರಕಾರ ಆರಾಧನೆ ದೇವರೊಬ್ಬರಿಗೇ. ಮರಿಯಮ್ಮನವರಿಗೂ ಸಂತರಿಗೂ ಸಲ್ಲುವುದು ಗೌರವ. ಅವರನ್ನು ಕೇಳುವುದು "ನಮಗಾಗಿ ಪ್ರಾರ್ಥಿಸಿ" ಎಂದು. ಪ್ರತಿಮೆಗೆ ತೋರಿಸಿದ ಗೌರವ ಆ ವ್ಯಕ್ತಿಗೆ ಸೇರುತ್ತದೆ, ಆರಾಧನೆ ಮಾತ್ರ ದೇವರದ್ದೇ ಎಂದು 787ರಲ್ಲಿ ನೈಸಿಯಾದಲ್ಲಿ ಕೂಡಿದ ಮಹಾಸಭೆ ಗೆರೆ ಎಳೆಯಿತು. ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ರೋಮನ್ ಸೇನಾಧಿಕಾರಿ ಕೊರ್ನೇಲ್ಯ ಕಾಲಿಗೆ ಬಿದ್ದಾಗ ಯೇಸುವಿನ ಶಿಷ್ಯ ಪೇತ್ರ ಅವನನ್ನು ಎಬ್ಬಿಸಿ "ನಾನೂ ಮನುಷ್ಯನೇ" ಎಂದದ್ದನ್ನೂ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಅಂತ್ಯದಲ್ಲಿ ದೇವದೂತ ಯೋಹಾನನಿಗೆ "ದೇವರನ್ನೇ ಆರಾಧಿಸು" ಎಂದದ್ದನ್ನೂ ತೋರಿಸುತ್ತಾರೆ. ನನ್ನ ಮನಸ್ಸು ಈ ಎರಡನೇ ಕಡೆಗೇ ವಾಲುತ್ತದೆ. ಆದರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರಕ್ಕೆ ಬರುವ ಒಬ್ಬ ತಾಯಿಯ ಮನಸ್ಸಿನೊಳಗೆ ಏನಿದೆ ಎಂದು ರಸ್ತೆಯಲ್ಲಿ ನಿಂತು ತೀರ್ಪು ಕೊಡುವ ಹಕ್ಕು ನನಗಿಲ್ಲ. ದೇವರ ಆಲಯದಲ್ಲಿ ಹನ್ನ ಎಂಬ ಹೆಂಗಸು ತುಟಿ ಮಾತ್ರ ಆಡಿಸುತ್ತಾ ಅತ್ತು ಪ್ರಾರ್ಥಿಸಿದಾಗ, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಅನುಭವಸ್ಥ ಯಾಜಕನಿಗೇ ಆ ಪ್ರಾರ್ಥನೆ ಗುರುತು ಸಿಗಲಿಲ್ಲ.

ಪ್ರವಾದಿಗಳ ಕೋಪ

ಇಲ್ಲಿಯವರೆಗೆ ನೋಡಿದ್ದು ಬೆರಳೆಣಿಕೆಯ ಘಟನೆಗಳು. ಆದರೆ ದೇವರು ಆರಾಧನೆಯನ್ನು ಪದೇಪದೇ, ಗಟ್ಟಿ ದನಿಯಲ್ಲಿ, ಪುಟಗಟ್ಟಲೆ ತಳ್ಳಿಹಾಕುವುದು ಪ್ರವಾದಿಗಳ ಪುಸ್ತಕಗಳಲ್ಲಿ. ಅಲ್ಲಿನ ಕಾರಣ ಬೇರೆ.

ಯೆಶಾಯ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮಿನ ದೇವಾಲಯದಲ್ಲಿ ಎಲ್ಲವೂ ನಿಯಮದ ಪ್ರಕಾರವೇ ನಡೆಯುತ್ತಿದೆ. ಸರಿಯಾದ ದೇವರು, ಸರಿಯಾದ ಜಾಗ, ಸರಿಯಾದ ಯಾಜಕರು, ಮೋಶೆ ಹೇಳಿದ ಬಲಿಗಳು, ಅಮಾವಾಸ್ಯೆ, ವಾರದ ವಿಶ್ರಾಂತಿ ದಿನವಾದ ಸಬ್ಬತ್. ಆದರೂ ದೇವರು ಹೇಳುತ್ತಾರೆ: ನಿಮ್ಮ ಬಲಿ ನನಗೆ ಸಾಕಾಗಿದೆ. ನಿಮ್ಮ ಧೂಪ ಅಸಹ್ಯ. ನೀವು ಕೈ ಎತ್ತಿದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ನಿಮ್ಮ ಕೈ ರಕ್ತವಾಗಿದೆ. ಮುಂದೇನು ಮಾಡಬೇಕು ಎಂಬ ಮಾತು ಬರುವಾಗ ಹೊಸ ಹಾಡನ್ನೋ ಹೊಸ ವಿಧಿಯನ್ನೋ ಹೇಳುವುದಿಲ್ಲ. ಒಳ್ಳೆಯದು ಮಾಡಲು ಕಲಿಯಿರಿ, ಅನಾಥನಿಗೆ ನ್ಯಾಯ ಕೊಡಿಸಿ, ವಿಧವೆಯ ಪರವಾಗಿ ಮಾತಾಡಿ. ಅಷ್ಟೇ.

ಆಮೋಸ ತೆಕೋವ ಊರಿನ ಕುರಿಗಾಹಿ. ಓದಿಕೊಂಡ ಪ್ರವಾದಿಗಳ ವಂಶದವನಲ್ಲ. ಉತ್ತರ ರಾಜ್ಯದ ಬೇತೇಲಿಗೆ ಹೋಗಿ, ಅರಸನ ದೇವಸ್ಥಾನದ ಎದುರೇ ಮಾತಾಡಿದ. ನಿಮ್ಮ ಹಾಡುಗಳ ಗದ್ದಲ ತೆಗೆಯಿರಿ, ನಿಮ್ಮ ವೀಣೆಯ ನಾದ ನನಗೆ ಬೇಡ, ನ್ಯಾಯ ಹೊಳೆಯ ಹಾಗೆ ಹರಿಯಲಿ ಎಂದು ದೇವರ ಹೆಸರಲ್ಲಿ ಹೇಳಿದ. ಸಂಗೀತ ಕೆಟ್ಟದಾಗಿತ್ತೇ? ಅಲ್ಲ. ಒಂದು ಜೋಡಿ ಕೆರಕ್ಕೆ ಬಡವನನ್ನು ಮಾರುತ್ತಿದ್ದವರು ಹಾಡುತ್ತಿದ್ದರು. 8ನೇ ಅಧ್ಯಾಯದಲ್ಲಿ ಅವರ ಮನಸ್ಸಿನ ಮಾತನ್ನೇ ಆಮೋಸ ಹೊರಗೆ ತರುತ್ತಾನೆ. ಸಬ್ಬತ್ ಯಾವಾಗ ಮುಗಿಯುತ್ತೋ, ಅಂಗಡಿ ತೆಗೆಯೋಣ, ಅಳತೆ ಕಿರಿದು ಮಾಡೋಣ, ತಕ್ಕಡಿ ಸುಳ್ಳು ಮಾಡೋಣ. ಆರಾಧನೆಯಲ್ಲಿ ಕೂತಿದ್ದಾರೆ, ತಲೆಯೊಳಗೆ ನಾಳೆಯ ಮೋಸದ ಲೆಕ್ಕ ಓಡುತ್ತಿದೆ. ಚರ್ಚಿನ ಬೆಂಚಿನ ಮೇಲೆ ಕೂತು ಈ ವಚನ ಓದಿದರೆ ಮೈ ಜುಂ ಎನ್ನುತ್ತದೆ.

ನಮ್ಮ ಊರಿಗೆ ಇನ್ನೂ ಹತ್ತಿರವಾದದ್ದು ಯೆಶಾಯ 58. ಬೆಂಗಳೂರಿನ ಸಭೆಗಳಲ್ಲಿ ಉಪವಾಸ ಪ್ರಾರ್ಥನೆ ತುಂಬಾ ನಡೆಯುತ್ತದೆ. ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದಲ್ಲಂತೂ ನಲವತ್ತು ದಿನ ಮಾಂಸ ಮುಟ್ಟದ ಮನೆಗಳಿವೆ. ಯೆಶಾಯನ ಕಾಲದ ಜನ ದೇವರನ್ನು ಕೇಳುತ್ತಾರೆ: ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡಲಿಲ್ಲ? ಉತ್ತರ ನೇರವಾಗಿದೆ. ಉಪವಾಸದ ದಿನವೇ ನಿಮ್ಮ ಆಳುಗಳನ್ನು ಹಿಂಡುತ್ತಿದ್ದೀರಿ. ನಾನು ಮೆಚ್ಚುವ ಉಪವಾಸ ನೊಗ ಬಿಚ್ಚುವುದು, ಹಸಿದವನಿಗೆ ನಿನ್ನ ರೊಟ್ಟಿ ಹಂಚುವುದು, ಬಟ್ಟೆ ಇಲ್ಲದವನಿಗೆ ಹೊದಿಸುವುದು.

ಇದನ್ನು ಓದಿದ ಮೇಲೆ ಕೆಲವು ಪ್ರಶ್ನೆಗಳನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನಿಗೆ ವಾರಕ್ಕೊಂದು ರಜೆ ಇದೆಯಾ? ಇಡೀ ಮನೆಯವರು ಚರ್ಚಿಗೆ ಹೋಗುವ ಭಾನುವಾರ ಅವರೇ ಬಂದು ಪಾತ್ರೆ ತೊಳೆಯಬೇಕಾ? ಬಾಡಿಗೆದಾರ ಮನೆ ಖಾಲಿ ಮಾಡಿದಾಗ ಅಡ್ವಾನ್ಸ್ ದುಡ್ಡನ್ನು ಪೂರ್ತಿ ವಾಪಸ್ ಕೊಟ್ಟೆವಾ, ಇಲ್ಲ ಪೇಂಟಿಂಗ್ ಹೆಸರಲ್ಲಿ ಅರ್ಧ ಇಟ್ಟುಕೊಂಡೆವಾ? ಇವೆಲ್ಲ ಆರಾಧನೆಗೆ ಸಂಬಂಧ ಇಲ್ಲದ ವಿಷಯ ಎಂದು ನಾವು ಅಂದುಕೊಳ್ಳುತ್ತೇವೆ. ಬೈಬಲ್ ಹಾಗೆ ಅಂದುಕೊಳ್ಳುವುದಿಲ್ಲ.

ಯೇಸು ಸ್ವಾಮಿ ಪ್ರವಾದಿಗಳ ಈ ಮಾತನ್ನೇ ಮುಂದುವರಿಸಿದರು. "ಈ ಜನ ತುಟಿಯಿಂದ ನನ್ನನ್ನು ಗೌರವಿಸುತ್ತಾರೆ, ಹೃದಯ ದೂರ" ಎಂಬ ಯೆಶಾಯನ ಮಾತನ್ನು ಅವರು ಎತ್ತಿದ್ದು ಮಾರ್ಕ 7ರಲ್ಲಿ. ಪ್ರಸಂಗಗಳಲ್ಲಿ ಈ ವಚನ ತುಂಬಾ ಕೇಳುತ್ತೇವೆ. ಆದರೆ ಅದರ ಬೆನ್ನಿಗೇ ಅವರು ಕೊಟ್ಟ ಉದಾಹರಣೆಯನ್ನು ಬಿಟ್ಟುಬಿಡುತ್ತೇವೆ. ವಯಸ್ಸಾದ ತಂದೆತಾಯಿಗೆ ಕೊಡಬೇಕಾದ ಸಹಾಯವನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವ ಪದ್ಧತಿ ಆಗ ಇತ್ತು. ಹಾಗೆ ಮಾಡಿ ನೀವು ದೇವರ ಆಜ್ಞೆಯನ್ನೇ ರದ್ದು ಮಾಡುತ್ತೀರಿ ಎಂದರು ಯೇಸು. ಕಾಣಿಕೆ ದೊಡ್ಡದಾಗಿರಬಹುದು. ಅಮ್ಮನ ಔಷಧಿಗೆ ದುಡ್ಡು ಕೊಡದೆ ತಂದ ಕಾಣಿಕೆ ಅದಾಗಿದ್ದರೆ ದೇವರಿಗೆ ಬೇಡ.

ಮತ್ತಾಯ 5ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕಾಣಿಕೆಯನ್ನು ವೇದಿಯ ಹತ್ತಿರ ತಂದಿದ್ದೀಯ. ಆಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಎಂದು ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗಿ ಒಂದಾಗು, ಆಮೇಲೆ ಬಂದು ಅರ್ಪಿಸು. ಇದನ್ನು ಹೇಳಿದ್ದು ಗಲಿಲಾಯದಲ್ಲಿ. ದೇವಾಲಯ ಇದ್ದದ್ದು ಯೆರೂಸಲೇಮಿನಲ್ಲಿ. ನಡೆದು ಹೋಗಿಬರಲು ದಿನಗಟ್ಟಲೆ ಬೇಕಾಗುವ ದೂರ. ಅಷ್ಟು ಕಷ್ಟವಾದರೂ ಆರಾಧನೆ ಕಾಯಬಹುದು, ರಾಜಿ ಕಾಯಬಾರದು. ಆಸ್ತಿ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು, ಒಂದೇ ಚರ್ಚಿನಲ್ಲಿ ಆ ಬದಿ ಈ ಬದಿ ಕೂರುವುದನ್ನು ನೋಡಿದಾಗೆಲ್ಲ ಈ ವಚನ ನೆನಪಾಗಿ ಹೊಟ್ಟೆ ಸಂಕಟವಾಗುತ್ತದೆ.

ಯಾವ ಬೆಟ್ಟ?

ಯೋಹಾನ 4ನೇ ಅಧ್ಯಾಯವನ್ನು ಬಿಟ್ಟು ಆರಾಧನೆಯ ಬಗ್ಗೆ ಮಾತಾಡಲು ಆಗುವುದಿಲ್ಲ. ಮಧ್ಯಾಹ್ನದ ಬಿಸಿಲು. ಯಾಕೋಬನ ಬಾವಿ. ನೀರಿಗೆ ಬಂದ ಸಮಾರ್ಯದ ಹೆಂಗಸು ಯೇಸುವನ್ನು ಕೇಳುತ್ತಾಳೆ: ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧಿಸಿದರು, ನೀವು ಯೆರೂಸಲೇಮೇ ಸರಿ ಅನ್ನುತ್ತೀರಿ, ಯಾವುದು ನಿಜ? ಈ ಪ್ರಶ್ನೆಯ ಹಿಂದೆ ಹಳೆಯ ಗಾಯವಿದೆ. ಗೆರಿಜೀಮ್ ಬೆಟ್ಟದ ಮೇಲೆ ಸಮಾರ್ಯದವರ ದೇವಾಲಯವಿತ್ತು. ಕ್ರಿ.ಪೂ. 2ನೇ ಶತಮಾನದಲ್ಲಿ ಯೆಹೂದಿ ಅಧಿಪತಿ ಹಿರ್ಕಾನಸ್ ಅದನ್ನು ಕೆಡವಿಸಿದ್ದ.

ಯೇಸು ಎರಡೂ ಬೆಟ್ಟಗಳನ್ನು ದಾಟಿ ಉತ್ತರ ಕೊಡುತ್ತಾರೆ. ಇಲ್ಲಿಯೂ ಅಲ್ಲ, ಅಲ್ಲಿಯೂ ಅಲ್ಲ ಎನ್ನುವ ಕಾಲ ಬರುತ್ತದೆ. ತಂದೆಯನ್ನು ಆತ್ಮದಲ್ಲೂ ಸತ್ಯದಲ್ಲೂ ಆರಾಧಿಸುವವರು ಬೇಕು. ಅಂಥವರನ್ನು ತಂದೆ ತಾನೇ ಹುಡುಕುತ್ತಾನೆ. ಇದನ್ನು ಎಷ್ಟೋ ಜನ "ಮನಸ್ಸು ಶುದ್ಧವಾಗಿದ್ದರೆ ಸಾಕು, ಹೇಗೆ ಮಾಡಿದರೂ ನಡೆಯುತ್ತೆ" ಎಂದು ಓದುತ್ತಾರೆ. ಯೋಹಾನನ ಸುವಾರ್ತೆಯನ್ನು ಪೂರ್ತಿ ಓದಿದರೆ ಹಾಗೆ ಅನ್ನಿಸುವುದಿಲ್ಲ. ಆ ಪುಸ್ತಕದಲ್ಲಿ ಆತ್ಮ ಅಂದರೆ ಮನುಷ್ಯನಿಗೆ ಹೊಸ ಹುಟ್ಟು ಕೊಡುವ ದೇವರ ಆತ್ಮ. ಸತ್ಯ ಅಂದರೆ "ನಾನೇ ಸತ್ಯ" ಎಂದ ಯೇಸು. ಆದ್ದರಿಂದ ಕ್ರೈಸ್ತ ಆರಾಧನೆ ಯೇಸುವಿನ ಮೂಲಕ, ದೇವರ ಆತ್ಮದ ಸಹಾಯದಿಂದ, ತಂದೆಯ ಹತ್ತಿರ ಹೋಗುವುದು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್, ಪೆಂಟೆಕೋಸ್ಟಲ್ ಎಲ್ಲರೂ ಇದನ್ನು ಒಪ್ಪುತ್ತಾರೆ. ನಮ್ಮ ಜಗಳಗಳ ಮಧ್ಯೆ ಈ ಒಪ್ಪಿಗೆ ಎಷ್ಟು ದೊಡ್ಡದು ಎನ್ನುವುದನ್ನು ಮರೆತುಬಿಡುತ್ತೇವೆ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಯೆರೂಸಲೇಮಿನ ದೇವಾಲಯವನ್ನೂ ಸುಟ್ಟಿತು. ಪ್ರಾಣಿಬಲಿ ಅಲ್ಲಿಗೆ ನಿಂತಿತು. ಅದಕ್ಕೂ ಮೊದಲೇ ಅಪೊಸ್ತಲ ಪೌಲ ರೋಮಾಪುರದ ಸಭೆಗೆ ಬರೆದಿದ್ದ: ನಿಮ್ಮ ದೇಹವನ್ನೇ ದೇವರು ಮೆಚ್ಚುವ ಜೀವಂತ ಬಲಿಯಾಗಿ ಕೊಡಿ. ರೋಮಾ 12ರ ಆ ಸಾಲಿನ ನಂತರ ಬರುವುದು ಏನು? ಅತಿಥಿಗಳನ್ನು ಸತ್ಕರಿಸಿ, ಅಳುವವರ ಜೊತೆ ಅಳಿ, ದೀನರ ಜೊತೆ ಸೇರಿ, ಶತ್ರು ಹಸಿದರೆ ಊಟ ಕೊಡಿ. ಇಬ್ರಿಯ 13 ಕೂಡ ಹಾಗೆಯೇ. ತುಟಿಯ ಸ್ತುತಿಯೂ ಬಲಿ, ಉಪಕಾರ ಮಾಡಿ ಹಂಚಿಕೊಳ್ಳುವುದೂ ಬಲಿ, ಇಂಥ ಬಲಿಗಳು ದೇವರಿಗೆ ಮೆಚ್ಚುಗೆ. ಹಾಡು ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದು ಬೇರ್ಪಡಿಸುವುದಿಲ್ಲ.

ಸಭೆ ಸೇರಿದಾಗ

ಹಾಗಾದರೆ ಭಾನುವಾರ ಸೇರುವುದು ಯಾಕೆ? ಮೊದಲ ವಿಶ್ವಾಸಿಗಳು ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ, ಇವುಗಳಲ್ಲಿ ನಿರತರಾಗಿದ್ದರು ಎಂದು ಅಪೊಸ್ತಲರ ಕೃತ್ಯಗಳು 2:42 ಹೇಳುತ್ತದೆ. ಬೈಬಲಿನ ಹೊರಗೂ ಸಾಕ್ಷಿ ಇದೆ. ಸುಮಾರು 112ರಲ್ಲಿ ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಪತ್ರ ಬರೆದ. ಕ್ರೈಸ್ತರು ಗೊತ್ತುಪಡಿಸಿಕೊಂಡ ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ವ್ಯಭಿಚಾರ ಮಾಡುವುದಿಲ್ಲವೆಂದು ಪ್ರಮಾಣ ಮಾಡುತ್ತಾರೆ ಎಂದು ಅದರಲ್ಲಿದೆ. ಸುಮಾರು 155ರಲ್ಲಿ ಜಸ್ಟಿನ್ ಎಂಬಾತ ರೋಮಿನಲ್ಲಿ ಭಾನುವಾರದ ಕೂಟವನ್ನು ವಿವರಿಸಿದ್ದಾನೆ. ಓದು, ಪ್ರಸಂಗ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಕೊನೆಗೆ ಕಾಣಿಕೆ. ಆ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಜೈಲಿನಲ್ಲಿರುವವರಿಗೆ. ಇವತ್ತಿನ ನಮ್ಮ ಆರಾಧನೆಯ ಮುಖ್ಯ ಭಾಗಗಳೆಲ್ಲ ಅಲ್ಲೇ ಇವೆ. ಕಾಣಿಕೆ ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿ ಮಾತ್ರ ನಾವು ಎಷ್ಟೋ ದೂರ ಬಂದುಬಿಟ್ಟಿದ್ದೇವೆ.

ಸಭೆಯ ಆರಾಧನೆ ಕೆಟ್ಟುಹೋದದ್ದಕ್ಕೆ ಹೊಸ ಒಡಂಬಡಿಕೆಯಲ್ಲಿ ದೊಡ್ಡ ಉದಾಹರಣೆ ಕೊರಿಂಥ. 1 ಕೊರಿಂಥ 11ರಲ್ಲಿ ಪೌಲ "ನೀವು ಮಾಡುವುದು ಕರ್ತನ ಭೋಜನವೇ ಅಲ್ಲ" ಎಂದು ಬಿಡುತ್ತಾನೆ. ಕೆಲವರು ಮುಂಚೆಯೇ ಹೊಟ್ಟೆ ತುಂಬ ಉಂಡು ಕುಡಿದು ಕೂತಿದ್ದಾರೆ. ಇಲ್ಲದವರು ಹಸಿದಿದ್ದಾರೆ. ಕೈಯಲ್ಲಿ ರೊಟ್ಟಿ ಇದೆ, ಪಕ್ಕದವನ ಹಸಿವು ಕಣ್ಣಿಗೆ ಬೀಳುತ್ತಿಲ್ಲ. ಅದಕ್ಕೆ ಪೌಲ ಕೊಡುವ ಪರಿಹಾರ ತುಂಬಾ ಸರಳ: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ.

ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವೂ ಇಂಥದ್ದೇ. ಚಿನ್ನದ ಉಂಗುರ ಹಾಕಿಕೊಂಡವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ "ಅಲ್ಲೇ ನಿಂತ್ಕೋ". ನಮ್ಮ ದಕ್ಷಿಣ ಭಾರತದ ಸಭೆಗಳು ಈ ಪಾಪವನ್ನು ಉಂಗುರಕ್ಕೆ ನಿಲ್ಲಿಸಲಿಲ್ಲ, ಜಾತಿಗೆ ಇಳಿಸಿದವು. ತಂಜಾವೂರು, ಮದರಾಸು ಕಡೆಯ ಸಭೆಗಳಲ್ಲಿ ಬೇರೆಬೇರೆ ಜಾತಿಯವರು ಬೇರೆಬೇರೆ ಕೂರುತ್ತಿದ್ದರು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಯೊಳಗೆ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು ಪತ್ರ ಕಳಿಸಿದರು. ಅದಾಗಿ ಎಷ್ಟು ಕಾಲವಾಯಿತು! ಇವತ್ತೂ ಕ್ರೈಸ್ತರ ಮದುವೆ ಜಾಹೀರಾತಿನಲ್ಲಿ ಜಾತಿಯ ಹೆಸರು ಕಾಣುತ್ತದೆ. ಒಂದೇ ಬಟ್ಟಲಿನಿಂದ ಕುಡಿದ ಬಾಯಲ್ಲೇ "ಅವರು ನಮ್ಮವರಲ್ಲ" ಅನ್ನುವುದು ಯಾವ ಆರಾಧನೆ? ಡ್ರಮ್ಸ್ ಬಗ್ಗೆ ಕಮಿಟಿ ಮೀಟಿಂಗ್ ಕರೆಯುವ ನಾವು ಇದರ ಬಗ್ಗೆ ಒಂದು ಮೀಟಿಂಗ್ ಕರೆದರೆ ಒಳ್ಳೆಯದು.

ಗದ್ದಲದ ವಿಷಯಕ್ಕೆ 1 ಕೊರಿಂಥ 14 ಇದೆ. ಪೌಲನ ಅಳತೆಗೋಲು ಎರಡೇ. ಅರ್ಥವಾಗಬೇಕು, ಕೇಳಿದವರು ಬೆಳೆಯಬೇಕು. ಅರ್ಥವಾಗದ ಭಾಷೆಯಲ್ಲಿ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲು ಅನ್ನುತ್ತಾನೆ. ಅನ್ಯಭಾಷೆಯಲ್ಲಿ, ಅಂದರೆ ದೇವರ ಆತ್ಮದ ಪ್ರೇರಣೆಯಿಂದ ಗೊತ್ತಿಲ್ಲದ ಭಾಷೆಯಲ್ಲಿ, ಮಾತಾಡುವುದನ್ನು ನಿಲ್ಲಿಸಿ ಅನ್ನುವುದಿಲ್ಲ. ಇಬ್ಬರು ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವರು ಇದ್ದರೆ ಮಾತ್ರ. ಎಲ್ಲವೂ ಕ್ರಮವಾಗಿ ನಡೆಯಲಿ. ಈ ಅಧ್ಯಾಯ ಪೆಂಟೆಕೋಸ್ಟಲರಿಗೂ ಬುದ್ಧಿ ಹೇಳುತ್ತದೆ, ನಮ್ಮಂಥವರಿಗೂ ಹೇಳುತ್ತದೆ. ಅಲ್ಲಿ ಒಬ್ಬೊಬ್ಬರೂ ಹಾಡೋ ಬೋಧನೆಯೋ ಏನಾದರೂ ತರುತ್ತಾರೆ. ನಮ್ಮಲ್ಲಿ ಅಯ್ಯನವರು (ಸಭೆಯ ಪಾಸ್ಟರ್) ಮತ್ತು ಕ್ವಾಯರ್ ಬಿಟ್ಟರೆ ಉಳಿದವರು ಏಳುವುದು, ಕೂರುವುದು, ಅಷ್ಟೇ. ಭಾಷೆಯ ಮಾತೂ ಇದರಲ್ಲೇ ಸೇರಿದೆ. ಕ್ಯಾಥೊಲಿಕ್ ಪೂಜೆ ನೂರಾರು ವರ್ಷ ಲ್ಯಾಟಿನ್‌ನಲ್ಲಿ ನಡೆಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಜನರ ಭಾಷೆಗೆ ದಾರಿ ತೆರೆಯಿತು. ಕನ್ನಡದಲ್ಲಿ ಯೋಚಿಸುವ ಅಜ್ಜಿಗೆ ಕನ್ನಡದಲ್ಲೇ ಪ್ರಾರ್ಥನೆ ಸಿಗಬೇಕು. ಪೌಲನ ಮಾತಿನ ಪ್ರಕಾರ ಅದು ಅವಳ ಹಕ್ಕು.

ಬೈಬಲ್ ತೆರೆದು ಬಿಟ್ಟದ್ದು

ಉಳಿದ ವ್ಯತ್ಯಾಸಗಳಿಗೆ ಒಂದು ಬೇರು ಇದೆ. ಅದು ಗೊತ್ತಾದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಭಾನುವಾರದ ಆರಾಧನೆಗೆ ಯಾಜಕಕಾಂಡದಂಥ ವಿಧಿಪುಸ್ತಕ ಇಲ್ಲ. ಎಷ್ಟು ಹಾಡು, ಯಾವ ವಾದ್ಯ, ಎಷ್ಟು ಹೊತ್ತು ಎಂದು ಬರೆದಿಲ್ಲ. ಪ್ರೊಟೆಸ್ಟೆಂಟರು ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ 16ನೇ ಶತಮಾನದ ಸುಧಾರಣೆಯಲ್ಲಿ ಈ ಖಾಲಿ ಜಾಗವನ್ನು ಎರಡು ರೀತಿ ಓದಿದರು. ಲೂಥರನ ಕಡೆಯವರು, ಆಂಗ್ಲಿಕನ್ನರು, "ಬೈಬಲ್ ಬೇಡ ಅನ್ನದೇ ಇದ್ದದ್ದು ನಡೆಯುತ್ತದೆ" ಅಂದರು. ಕ್ಯಾಲ್ವಿನ್ ದಾರಿಯವರು "ಬೈಬಲ್ ಬೇಕು ಅಂದದ್ದು ಮಾತ್ರ ನಡೆಯುತ್ತದೆ" ಅಂದರು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಈ ಎರಡನೇ ಮಾತನ್ನು ಗಟ್ಟಿಯಾಗಿ ಬರೆಯಿತು. ಅದಕ್ಕೇ ಲೂಥರ್ ಹೊಸ ಹಾಡುಗಳನ್ನು ಬರೆದ, ಕ್ಯಾಲ್ವಿನ್‌ನ ಜಿನೀವಾದಲ್ಲಿ ವಾದ್ಯವಿಲ್ಲದೆ ಹೆಚ್ಚಾಗಿ ಬೈಬಲಿನ ಕೀರ್ತನೆಗಳನ್ನೇ ಹಾಡಿದರು. ಈಗಲೂ ಒಬ್ಬರು "ಎಲ್ಲಿ ಬೇಡ ಅಂದಿದೆ?" ಎಂದು ಕೇಳಿ, ಇನ್ನೊಬ್ಬರು "ಎಲ್ಲಿ ಬೇಕು ಅಂದಿದೆ?" ಎಂದು ಕೇಳಿದರೆ, ಇಬ್ಬರೂ ಇದೇ ಹಳೆ ಚರ್ಚೆಯ ಒಳಗೇ ಇದ್ದಾರೆ.

ವಾದ್ಯದ ವಿಷಯದಲ್ಲಿ ನನಗೆ ಕೀರ್ತನೆ 150 ಸಾಕು. ತುತೂರಿ, ವೀಣೆ, ದಮ್ಮಡಿ, ಕುಣಿತ, ಕೊಳಲು, ತಾಳ, ಎಲ್ಲವೂ ಅಲ್ಲಿದೆ. ದಿನದ ವಿಷಯದಲ್ಲಿ ರೋಮಾ 14 ಸಾಕು. ಒಬ್ಬರು ಒಂದು ದಿನವನ್ನು ಹೆಚ್ಚೆಂದು ಎಣಿಸುತ್ತಾರೆ, ಇನ್ನೊಬ್ಬರು ಎಲ್ಲ ದಿನವನ್ನೂ ಸಮ ಎನ್ನುತ್ತಾರೆ, ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ. ಶನಿವಾರ ಆರಾಧಿಸುವ ಅಡ್ವೆಂಟಿಸ್ಟ್ ನೆರೆಯವರ ಜೊತೆ ಇದಕ್ಕೆ ಜಗಳ ಬೇಡ.

ನಮ್ಮ ನೆಲದ ರೀತಿಯಲ್ಲಿ ಆರಾಧಿಸಬಹುದಾ ಎಂಬ ಪ್ರಶ್ನೆಗೆ ಬೆಂಗಳೂರಿಗೇ ಒಂದು ಇತಿಹಾಸವಿದೆ. 1967ರಲ್ಲಿ ಫಾದರ್ ಅಮಲೋರ್‌ಪವದಾಸ್ ಅವರ ಮುಂದಾಳತ್ವದಲ್ಲಿ ಕ್ಯಾಥೊಲಿಕ್ ಸಭೆಯ ಎನ್‌ಬಿಸಿಎಲ್‌ಸಿ ಎಂಬ, ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ವಿಧಿಯ ರಾಷ್ಟ್ರೀಯ ಕೇಂದ್ರ ಇಲ್ಲಿ ಶುರುವಾಯಿತು. ಭಾರತದ ಬಿಷಪರು ಕೇಳಿದ 12 ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಚಪ್ಪಲಿ ಬಿಡುವುದು, ಕೈಮುಗಿದು ನಮಸ್ಕರಿಸುವುದು, ಎಣ್ಣೆ ದೀಪ, ಆರತಿ. ಆಗ ಇದಕ್ಕೆ ವಿರೋಧವೂ ಬಂತು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಮೋಶೆಯೂ ಉರಿಯುವ ಪೊದೆಯ ಮುಂದೆ ಕೆರ ಬಿಟ್ಟೇ ನಿಂತದ್ದು. ಬೆಂಚು, ಆರ್ಗನ್, ಬಿಳಿ ಗೌನು ಕೂಡ ಬೈಬಲಿನಿಂದ ಬಂದವಲ್ಲ, ಯುರೋಪಿನಿಂದ ಬಂದವು.

ಒಂದು ವಿಷಯದಲ್ಲಿ ಮಾತ್ರ ನನಗೆ ಮೃದುವಾಗಿ ಮಾತಾಡಲು ಆಗುವುದಿಲ್ಲ. ಕ್ಯೂಆರ್ ಕೋಡ್ ತೋರಿಸಿ "ಇಷ್ಟು ಬಿತ್ತಿರಿ, ನೂರರಷ್ಟು ಬೆಳೆಯುತ್ತದೆ, ನಿಮ್ಮ ಸಾಲ ತೀರುತ್ತದೆ" ಅನ್ನುವ ಕೂಟಗಳು ಜಾಸ್ತಿಯಾಗಿವೆ. ಆಟೊ ಓಡಿಸುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳು ಸಾಲ ಮಾಡಿ ಕೊಡುತ್ತಾರೆ. ಸಮಾರ್ಯದಲ್ಲಿ ಸಿಮೋನನೆಂಬ ಮಾಂತ್ರಿಕ ದೇವರ ವರವನ್ನು ದುಡ್ಡಿಗೆ ಕೇಳಿದಾಗ ಪೇತ್ರ "ನಿನ್ನ ಬೆಳ್ಳಿ ನಿನ್ನ ಸಂಗಡಲೇ ಹಾಳಾಗಲಿ" ಎಂದು ಗದರಿಸಿದ. ಕಾಣಿಕೆ ಒತ್ತಾಯದಿಂದ ಬರಬಾರದು, ಸಂತೋಷವಾಗಿ ಬರಬೇಕು ಎಂದು 2 ಕೊರಿಂಥ 9 ಹೇಳುತ್ತದೆ. ದೇವರ ಆಶೀರ್ವಾದಕ್ಕೆ ಬೆಲೆ ಕಟ್ಟುವ ಕೂಟ ಯಾವ ಹೆಸರಲ್ಲಿ ನಡೆದರೂ ಅದು ಆರಾಧನೆ ಅಲ್ಲ, ವ್ಯಾಪಾರ.

ಕೊರೋನಾ ನಂತರ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಮನೆಯಲ್ಲೇ ಮೊಬೈಲಲ್ಲಿ ಆರಾಧನೆ ನೋಡಿದರೆ ಸಾಲದಾ? ಹಾಸಿಗೆ ಹಿಡಿದವರಿಗೆ, ವಯಸ್ಸಾದವರಿಗೆ ಅದು ನಿಜವಾಗಿ ವರ. ಗಟ್ಟಿಮುಟ್ಟಾಗಿ ಇರುವವರಿಗೆ ಇಬ್ರಿಯ 10:24-25 ಬೇರೆ ಮಾತು ಹೇಳುತ್ತದೆ. ಸಭೆ ಸೇರುವುದನ್ನು ಬಿಡಬೇಡಿ, ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆ ಕೆಲಸಕ್ಕೂ ಹುರಿದುಂಬಿಸಿ. ಪರದೆಯ ಮುಂದೆ ಹಾಡು ಕೇಳಬಹುದು, ಪಕ್ಕದಲ್ಲಿ ಕೂತವರ ಕಷ್ಟ ಕೇಳಲು ಆಗುವುದಿಲ್ಲ. ಇನ್ನು ಭಾನುವಾರವೂ ಶಿಫ್ಟ್ ಇರುವ ನರ್ಸ್‌ಗಳು, ಸೆಕ್ಯುರಿಟಿ ಕೆಲಸದವರು, ಡೆಲಿವರಿ ಹುಡುಗರು ಇದ್ದಾರೆ. ಪ್ಲಿನಿಯ ಕಾಲದ ವಿಶ್ವಾಸಿಗಳು ಬೆಳಕು ಹರಿಯುವ ಮೊದಲು ಸೇರುತ್ತಿದ್ದರಲ್ಲ, ಆಗ ಭಾನುವಾರ ರಜೆಯೂ ಇರಲಿಲ್ಲ, ಅವರಲ್ಲಿ ಗುಲಾಮರೂ ಇದ್ದರು. ನಮ್ಮ ಸಭೆಗಳೂ ಇಂಥವರಿಗಾಗಿ ಬೆಳಗಿನ ಜಾವವೋ ಸಂಜೆಯೋ ಒಂದು ಆರಾಧನೆ ಇಡಬಹುದು. ನಿಮ್ಮ ಸಭೆಯಲ್ಲಿ ಇಲ್ಲದಿದ್ದರೆ ಅಯ್ಯನವರನ್ನೋ ಫಾದರನ್ನೋ ಪಾಸ್ಟರನ್ನೋ ಈ ವಾರವೇ ಕೇಳಿ.